ಮುಂಬಯಿಯ ಹದಿಹರೆಯದ ಸೂಪರ್‌ಹೀರೋಗಳು: ಆನ್‌ಲೈನ್ ರೋಲ್‌ಪ್ಲೇ ಆಟ ಕಟ್ಟಲು ಸಮಗ್ರ ಮಾರ್ಗದರ್ಶಿ

ರೋಲ್‌ಪ್ಲೇ ಎಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ ಕೂಡಿ ಕಥೆ ಕಟ್ಟುವ ಆಟ. ಅಂಥ ಆಟದಲ್ಲಿ ಮಾಟುಂಗದ ಹದಿನಾರರ ಹುಡುಗಿಯೊಬ್ಬಳಿಗೆ ಮಿಂಚನ್ನು ಕೈಯಲ್ಲಿ ಹಿಡಿಯುವ ಶಕ್ತಿ ಬಂತು ಎನ್ನಿ. ಆ ಮಿಂಚು ಎಷ್ಟು ದೂರ ಹಾರುತ್ತದೆ ಎಂದು ಲೆಕ್ಕ ಹಾಕುತ್ತ ಕೂತರೆ ಆಟ ಎರಡನೆಯ ವಾರಕ್ಕೇ ಸಪ್ಪೆಯಾಗುತ್ತದೆ. ಸಂಜೆ ಏಳಕ್ಕೆ ಅವಳು ಎಲ್ಲಿರಬೇಕಿತ್ತು, ಅಲ್ಲಿ ಯಾರು ಕಾಯುತ್ತಿದ್ದಾರೆ, ತಡವಾದರೆ ಏನು ಸುಳ್ಳು ಹೇಳುತ್ತಾಳೆ ಎಂಬಲ್ಲಿಂದ ಹೊರಟರೆ ಎಂಟು ವಾರ ನಿಲ್ಲುತ್ತದೆ. ದೊಡ್ಡವರ ಸೂಪರ್‌ಹೀರೋ ಕಥೆಗೂ ಹದಿಹರೆಯದವರ ಕಥೆಗೂ ಇರುವ ಅಂತರ ಇಷ್ಟೇ: ಈ ಪ್ರಾಯದವರು ಸದಾ ಒಂದೇ ಹೊತ್ತಿಗೆ ಎರಡು ಕಡೆ ಇರಬೇಕು, ಎರಡೂ ಕಡೆ ಅವರ ಮಾತು ನಡೆಯುವುದಿಲ್ಲ. ಕೆಳಗಿನ ಎಲ್ಲ ಹಂತಗಳೂ ಈ ಇಕ್ಕಟ್ಟನ್ನು ಕಟ್ಟುವುದಕ್ಕಾಗಿಯೇ ಇವೆ.

ಇಂಥ ಆಟ ಆಡಿ ಗೊತ್ತಿಲ್ಲದಿದ್ದರೂ ತಾಳಮದ್ದಳೆ ಕೇಳಿದವರಿಗೆ ಅರ್ಧ ಅರ್ಥವಾದಂತೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಎದುರಾಳಿ ಎತ್ತಿದ ಮಾತಿಗೆ ಅಲ್ಲೇ ಉತ್ತರ ಹುಟ್ಟಬೇಕು. ಆದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ದೃಶ್ಯ ಹೇಳಿ, ಉಳಿದ ಪಾತ್ರಗಳಿಗೆಲ್ಲ ದನಿಯಾಗಿ ಆಟ ನಡೆಸುವವರನ್ನು ಈ ಬರಹದಲ್ಲಿ ಭಾಗವತರು ಎಂದೇ ಕರೆದಿದ್ದೇವೆ.

ಹಂತ 1: ಎಷ್ಟು ಜನ, ಎಷ್ಟು ಹೊತ್ತು

ಭಾಗವತರೊಬ್ಬರು, ಆಟಗಾರರು ನಾಲ್ವರು, ಎರಡೂವರೆ ಗಂಟೆಯ ಎಂಟು ಕಂತು. ಲೆಕ್ಕ ನೋಡಿ: 150 ನಿಮಿಷದಲ್ಲಿ ಮೈಕ್ ಸರಿಮಾಡಿ ಕುಶಲ ಕೇಳುವುದಕ್ಕೆ 15, ನಡುವಿನ ಬಿಡುವಿಗೆ 10 ಹೋದರೆ ಉಳಿಯುವುದು 125. ಅದರಲ್ಲಿ ಅರ್ಧ ಭಾಗವತರ ಮಾತು. ಉಳಿದ 62 ನಿಮಿಷವನ್ನು ನಾಲ್ವರು ಹಂಚಿಕೊಂಡರೆ ತಲಾ 15. ಆರು ಮಂದಿಯಾದರೆ ಹತ್ತೇ. ಎದುರುಬದುರು ಕೂತಾಗ ಇಬ್ಬರು ಒಟ್ಟಿಗೆ ಮಾತಾಡಿದರೂ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಒಬ್ಬರ ದನಿ ಇನ್ನೊಬ್ಬರನ್ನು ನುಂಗುತ್ತದೆ, ಆರನೆಯವರು ಮ್ಯೂಟ್ ಮಾಡಿ ಬೇರೆ ಏನೋ ನೋಡುತ್ತಾರೆ. ಮೂವರೇ ಆದರೆ, ಒಬ್ಬರು ಬಾರದ ದಿನ ಆಟವೇ ಇಲ್ಲ.

ವಾರದ ದಿನ ರಾತ್ರಿ ಎಂಟಕ್ಕೆ ಇಡಬೇಡಿ. ದೂರದ ಉಪನಗರಗಳಾದ ಡೊಂಬಿವಲಿ, ವಿರಾರ್ ಕಡೆಯವರು ಆ ಹೊತ್ತಿಗೆ ಲೋಕಲ್ ರೈಲುಗಾಡಿಯಲ್ಲಿ ನಿಂತಿರುತ್ತಾರೆ, ನೆಟ್‌ವರ್ಕ್ ಹೋಗಿ ಬರುತ್ತಿರುತ್ತದೆ. ಶನಿವಾರ ರಾತ್ರಿ ಒಂಬತ್ತೂವರೆಯಿಂದ ಹನ್ನೆರಡು ಹೆಚ್ಚಿನವರಿಗೆ ಆಗುತ್ತದೆ. ಹೋಟೆಲ್ ವ್ಯವಹಾರದವರಿದ್ದರೆ ಶನಿವಾರ ಬಿಟ್ಟು ಸೋಮವಾರ ಕೇಳಿ. ಆಟಗಾರರಲ್ಲಿ ವಿದ್ಯಾರ್ಥಿಗಳಿದ್ದರೆ ಫೆಬ್ರವರಿ, ಮಾರ್ಚ್ ಬೇಡ. ಗಣೇಶೋತ್ಸವದ ಹತ್ತು ದಿನ ಯಾರೂ ಸಿಗುವುದಿಲ್ಲ.

ಬರವಣಿಗೆಯಲ್ಲೇ ಆಡುವ ಪದ್ಧತಿಯೂ ಉಂಟು. ಹೊತ್ತು ಹೊಂದದವರಿಗೆ ಅದು ಅನುಕೂಲ, ಆದರೆ ಮಾತಿನಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುವ ದೃಶ್ಯ ಅಲ್ಲಿ ಒಂದು ವಾರ ಎಳೆಯುತ್ತದೆ. 48 ಗಂಟೆಯೊಳಗೆ ಬರೆಯದಿದ್ದರೆ ಆ ಪಾತ್ರವನ್ನು ಭಾಗವತರು ಮುಂದಕ್ಕೆ ಸಾಗಿಸುತ್ತಾರೆ ಎಂಬ ನಿಯಮ ಮೊದಲೇ ಇರಲಿ. ಕಂತು ಮಾತಿನಲ್ಲಿ, ಕಂತುಗಳ ನಡುವಿನ ಸಣ್ಣ ಸಂಭಾಷಣೆ ಬರಹದಲ್ಲಿ ಎಂಬ ಮಿಶ್ರ ಪದ್ಧತಿಯೇ ಹೆಚ್ಚು ಬಾಳುತ್ತದೆ.

ಹಂತ 2: ಸಲಕರಣೆ

ಗೂಗಲ್ ಮೀಟ್‌ನ ಉಚಿತ ಗುಂಪು ಕರೆ 60 ನಿಮಿಷಕ್ಕೆ, ಝೂಮ್‌ನದು 40 ನಿಮಿಷಕ್ಕೆ ಕಡಿದುಹೋಗುತ್ತದೆ, ಅದೂ ಸರಿಯಾಗಿ ಕಥೆ ಬಿಗಿಯಾದಾಗ. ಗುಂಪಿನ ಹರಟೆಗೆ ಬಳಸುವ ಡಿಸ್ಕಾರ್ಡ್ ಆ್ಯಪ್‌ನ ದನಿ ಚಾನೆಲ್‌ಗೆ ಆ ಮಿತಿಯಿಲ್ಲ. ಅಲ್ಲಿ ಒಂದು ಸರ್ವರ್ (ನಿಮ್ಮ ಗುಂಪಿನದೇ ಜಾಗ) ತೆರೆದು ಐದೇ ಚಾನೆಲ್ (ಕೋಣೆ) ಇಡಿ: ಸೂಚನೆ, ಹರಟೆ, ದಾಳ, ಕಥೆಯ ದಾಖಲೆ, ಮತ್ತು ದನಿ. ಹದಿನೈದು ಚಾನೆಲ್ ತೆರೆದವರ ಸರ್ವರ್‌ನಲ್ಲಿ ಹನ್ನೆರಡು ಖಾಲಿ ಬಿದ್ದಿರುತ್ತವೆ. ದನಿ ಕಡಿಯುತ್ತಿದ್ದರೆ ಚಾನೆಲ್‌ನ ಬಿಟ್‌ರೇಟನ್ನು (ಸೆಕೆಂಡಿಗೆ ಸಾಗುವ ದನಿಯ ಮಾಹಿತಿಯನ್ನು) ಮಾಮೂಲಿ 64 ಕೆಬಿಪಿಎಸ್‌ನಿಂದ 32ಕ್ಕೆ ಇಳಿಸಿ. ಮಾತಿಗೆ ಅಷ್ಟು ಸಾಕು. ಇಯರ್‌ಫೋನ್ ಕಡ್ಡಾಯ, ಇಲ್ಲದಿದ್ದರೆ ಒಬ್ಬರ ಸ್ಪೀಕರ್‌ನ ಸದ್ದು ಎಲ್ಲರಿಗೂ ಪ್ರತಿಧ್ವನಿಸುತ್ತದೆ.

ದಾಳಕ್ಕೆ ಬಾಟ್ ಬಳಸಿ, ಅಂದರೆ ಚಾಟ್‌ನಲ್ಲಿ ಕೇಳಿದರೆ ತಾನೇ ದಾಳ ಎಸೆದು ತೋರಿಸುವ ತಂತ್ರಾಂಶ. ಗೂಗಲ್ ಶೀಟ್ಸ್‌ನ ರ‍್ಯಾಂಡ್‌ಬಿಟ್ವೀನ್ ಸೂತ್ರವೂ ಸಂಖ್ಯೆ ಎತ್ತಿಕೊಡುತ್ತದೆ, ಆದರೆ ದಾಳಕ್ಕೆ ಆಗದು: ಶೀಟ್‌ನಲ್ಲಿ ಯಾರು ಏನು ತಿದ್ದಿದರೂ ಸಂಖ್ಯೆ ಬದಲಾಗಿಬಿಡುತ್ತದೆ, ಬಿದ್ದದ್ದು ಹತ್ತೋ ಆರೋ ಎಂದು ಜಗಳ. ಪಾತ್ರದ ಹಾಳೆಗಳಿಗೆ ಮಾತ್ರ ಅದೇ ಶೀಟ್ಸ್ ಚೆನ್ನ, ಒಬ್ಬೊಬ್ಬರಿಗೆ ಒಂದೊಂದು ಟ್ಯಾಬ್. ರೋಲ್‌ಟ್ವೆಂಟಿಯಂಥ ನಕ್ಷೆಯ ತಾಣಗಳು ಚೌಕಗಳ ಮೇಲೆ ಗೊಂಬೆ ನಡೆಸುವ ಯುದ್ಧಕ್ಕೆ ಒಳ್ಳೆಯವು, ಈ ಆಟಕ್ಕೆ ಬೇಕಿಲ್ಲ.

ಹಂತ 3: ಊರನ್ನು ಕತ್ತರಿಸಿ ತೆಗೆದುಕೊಳ್ಳಿ

ಇಡೀ ಮುಂಬಯಿ ಆಟಕ್ಕೆ ತುಂಬ ದೊಡ್ಡದು. ನಡೆದು ದಾಟಬಹುದಾದ ಒಂದು ತುಂಡು, ಮತ್ತು ಅದರಿಂದ ದೂರದ ಎರಡು ಜಾಗ ಸಾಕು. ಕನ್ನಡದವರ ಆಟಕ್ಕೆ ಮಾಟುಂಗದ ಸುತ್ತಮುತ್ತ ಹೇಳಿ ಮಾಡಿಸಿದ ಜಾಗ. ಸೆಂಟ್ರಲ್ ಲೈನಿನ ಮಾಟುಂಗ, ವೆಸ್ಟರ್ನ್‌ನ ಮಾಟುಂಗ ರೋಡ್, ಹಾರ್ಬರ್‌ನ ಕಿಂಗ್ಸ್ ಸರ್ಕಲ್, ಮೂರೂ ಲೈನು ಕಾಲ್ನಡಿಗೆಯಲ್ಲಿ ಸಿಗುತ್ತವೆ. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ ಅಲ್ಲೇ ಇವೆ. ಉಡುಪಿ ಹೋಟೆಲುಗಳಿಗಂತೂ ಲೆಕ್ಕವಿಲ್ಲ. ಪಾತ್ರಗಳು ದುಡಿಯುವ ಹೋಟೆಲು, ಓದುವ ಕಾಲೇಜು ಮಾತ್ರ ಕಲ್ಪಿತವಾಗಿರಲಿ. ನಿಜವಾದ ಅಂಗಡಿಯ ಯಜಮಾನರನ್ನು ಖಳನ ಮಾಡಿದರೆ ಆಟಗಾರರಲ್ಲೇ ಯಾರಿಗೋ ಅವರು ನೆಂಟರಾಗಿರುತ್ತಾರೆ.

ಇನ್ನು ಊರಿನ ಗಡಿಯಾರ. ಮುಂಬಯಿಯಲ್ಲಿ ದೂರಕ್ಕಿಂತ ಸಮಯ ಮುಖ್ಯ ಎಂಬುದು ಭಾಗವತರಿಗೆ ವರ. ಈ ನಾಲ್ಕನ್ನು ಬರೆದಿಟ್ಟುಕೊಳ್ಳಿ:

ರಾತ್ರಿ ಒಂದರ ಸುಮಾರಿಗೆ ಕೊನೆಯ ಲೋಕಲ್, ನಸುಕಿನ ನಾಲ್ಕರ ಸುಮಾರಿಗೆ ಮೊದಲನೆಯದು. ನಡುವಿನ ಮೂರು ಗಂಟೆ ಡೊಂಬಿವಲಿಯ ಹುಡುಗಿ ಮಾಟುಂಗದಲ್ಲೇ ಸಿಕ್ಕಿಬೀಳುತ್ತಾಳೆ.

ಭಾನುವಾರದ ಮೆಗಾ ಬ್ಲಾಕ್. ಹಗಲಿನಲ್ಲಿ ಕೆಲವು ಗಂಟೆ ಒಂದೊಂದು ಭಾಗದಲ್ಲಿ ಗಾಡಿ ಇಲ್ಲ ಅಥವಾ ತಡ. ಖಳನಿಗೂ ಇದು ಗೊತ್ತಿರಲಿ.

ಭರತ, ಅಂದರೆ ಸಮುದ್ರದ ಉಬ್ಬರ. ಮಳೆನೀರು ಸಮುದ್ರಕ್ಕೆ ಇಳಿಯುವ ಬಾಯಿಗಳಲ್ಲಿ ಅನೇಕವು ದೊಡ್ಡ ಭರತದ ಮಟ್ಟಕ್ಕಿಂತ ಕೆಳಗಿವೆ. ಆದ್ದರಿಂದ ಜೋರು ಮಳೆಯೂ ನಾಲ್ಕೂವರೆ ಮೀಟರ್ ದಾಟುವ ಭರತವೂ ಒಟ್ಟಿಗೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ, ಕಿಂಗ್ಸ್ ಸರ್ಕಲ್ ಬಳಿಯ ಗಾಂಧಿ ಮಾರ್ಕೆಟ್, ದಾದರ್ ಕಡೆಯ ಹಿಂದ್‌ಮಾತಾ ತುಂಬಿಕೊಳ್ಳುತ್ತವೆ. ಅಂಥ ಭರತದ ದಿನಗಳ ಪಟ್ಟಿಯನ್ನು ಮಹಾನಗರಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ಪ್ರಕಟಿಸುತ್ತದೆ. ಕಥೆಯೊಳಗಿನ ತಾರೀಕನ್ನು ಅದರಿಂದಲೇ ಆರಿಸಿ.

ಶಾಲೆಯ ವರ್ಷ. ಹತ್ತನೆಯದು ಎಸ್ಸೆಸ್ಸಿ, ಆಮೇಲೆ ಹನ್ನೊಂದು, ಹನ್ನೆರಡು ಜೂನಿಯರ್ ಕಾಲೇಜು. ಹನ್ನೊಂದಕ್ಕೆ ಸೇರುವ ಹೊತ್ತಿಗೆ ಎಲ್ಲರೂ ಹೊಸಬರು, ಹಳೆಯ ಗೆಳೆಯರು ಬೇರೆ ಕಾಲೇಜಿಗೆ ಚದುರಿರುತ್ತಾರೆ. ಕಥೆ ಶುರುಮಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಹಂತ 4: ಶಕ್ತಿ ಕೊಡುವಾಗ

ಪ್ರತಿಯೊಬ್ಬರಿಗೂ ಒಂದು ಶಕ್ತಿ, ಅದಕ್ಕೊಂದು ಮಿತಿ, ಬಳಸಿದ ಮೇಲೆ ಉಳಿಯುವ ಒಂದು ಗುರುತು. ಮೂರೂ ಒಂದೊಂದು ವಾಕ್ಯದಲ್ಲಿ ಹಾಳೆಯ ಮೇಲಿರಬೇಕು. ಮಿತಿ ಬರೆಯದವರ ಪಾತ್ರವನ್ನು ಒಪ್ಪಿಕೊಳ್ಳಬೇಡಿ.

ಮೊದಲು ಹೇಳಿದ ಮಿಂಚಿನ ಹುಡುಗಿಯ ಹೆಸರು ರಶ್ಮಿ ಎನ್ನೋಣ. ಅವಳು ಲೋಕಲ್‌ನ ಮೇಲುತಂತಿಯಿಂದ ವಿದ್ಯುತ್ ಎಳೆಯಬಲ್ಲಳು. ಅದು 25,000 ವೋಲ್ಟ್. ಎಳೆದರೆ ಆ ಭಾಗದ ಗಾಡಿಗಳೆಲ್ಲ ನಿಲ್ಲುತ್ತವೆ, ಸಂಜೆಯ ಹೊತ್ತಾದರೆ ಸಾವಿರಾರು ಜನ ಹಳಿಗಿಳಿಯುತ್ತಾರೆ, ಅವರಲ್ಲಿ ಅವಳ ಅಪ್ಪನೂ ಇರಬಹುದು. ಬಳಸಬಹುದು, ಆದರೆ ಬೆಲೆಯುಂಟು. ಇದು ಒಳ್ಳೆಯ ಶಕ್ತಿ.

ಆಟ ಕೆಡಿಸುವ ಶಕ್ತಿಗಳಲ್ಲಿ ಮೊದಲನೆಯದು ವೇಗ. ಮುಂಬಯಿಯ ಮುಖ್ಯ ರೈಲು ನಿಲ್ದಾಣವಾದ ಸಿಎಸ್ಸೆಮ್ಟಿಯಿಂದ ಠಾಣೆಗೆ 34 ಕಿಲೋಮೀಟರ್. ಅದನ್ನು ಎರಡು ನಿಮಿಷದಲ್ಲಿ ಓಡುವವನಿಗೆ ಎರಡು ಕಡೆ ಇರುವುದು ಕಷ್ಟವೇ ಅಲ್ಲ, ಆಟದ ಬುಡವೇ ಕಿತ್ತುಹೋಯಿತು. ಗಂಟೆಗೆ 60 ಕಿಲೋಮೀಟರಿಗೆ ಕಟ್ಟಿಹಾಕಿ: 34 ನಿಮಿಷ ಬೇಕು, ತಲುಪುವಾಗ ಹಸಿವಿನಿಂದ ಕಣ್ಣು ಕತ್ತಲೆ. ಎರಡನೆಯದು ಮನಸ್ಸು ಓದುವುದು. ಗುಟ್ಟುಗಳೆಲ್ಲ ಮೊದಲ ಕಂತಿನಲ್ಲೇ ಬಯಲಾಗುತ್ತವೆ. ಯೋಚಿಸುವವರ ಭಾಷೆಯಲ್ಲೇ ಅದು ಕೇಳಿಸುತ್ತದೆ ಎಂಬ ಮಿತಿ ಹಾಕಿ. ಡೊಂಬಿವಲಿಯ ಶ್ರುತಿಗೆ ಕನ್ನಡ, ಮರಾಠಿ, ಹಿಂದಿ ಬರುತ್ತದೆ, ಗುಜರಾತಿ ಅರ್ಧಂಬರ್ಧ, ತುಳು ಒಂದಕ್ಷರ ಬರುವುದಿಲ್ಲ. ರಶ್ಮಿಯ ಮನೆಯವರು ಯೋಚಿಸುವುದೆಲ್ಲ ತುಳುವಿನಲ್ಲಿ! ಮೂರನೆಯದು ಅದೃಶ್ಯವಾಗುವುದು. ಇದಕ್ಕೆ ಊರೇ ಮಿತಿ ಹಾಕುತ್ತದೆ. ಬೆಳಗಿನ ಎಂಟೂವರೆಯ ಲೋಕಲ್‌ನಲ್ಲಿ ಕಾಣದವನ ಮೇಲೆ ನಾಲ್ಕು ಜನ ನಿಲ್ಲುತ್ತಾರೆ.

ಇನ್ನಿಬ್ಬರ ಮಾದರಿ: ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯ ಬಸವರಾಜ ಕಾಂಕ್ರೀಟಿಗೆ ಅಂಗೈ ಇಟ್ಟರೆ ಹಿಂದಿನ ಒಂದು ಗಂಟೆಯಲ್ಲಿ ಅಲ್ಲಿ ನಡೆದ ಹೆಜ್ಜೆಗಳು ಕೇಳಿಸುತ್ತವೆ, ಆಮೇಲೆ ಅಂಗೈ ಬೂದಿಬಣ್ಣಕ್ಕೆ ತಿರುಗಿ ಮರುದಿನದವರೆಗೆ ಹಾಗೇ ಉಳಿಯುತ್ತದೆ. ವರ್ಸೋವಾದ ಪ್ರಜ್ವಲ್ ನೀರೊಳಗೆ ಉಸಿರಾಡಬಲ್ಲ, ಉಪ್ಪುನೀರಾಗಿರಬೇಕು ಅಷ್ಟೇ.

ಹಂತ 5: ನಿಯಮ, ಒಂದೇ ಪುಟ

ಪ್ರತಿ ಪಾತ್ರಕ್ಕೆ ನಾಲ್ಕು ಗುಣ: ಧೈರ್ಯ, ಜಾಣತನ, ಮಾತು, ಶಕ್ತಿ. +2, +1, 0, −1 ಎಂಬ ನಾಲ್ಕು ಅಂಕಗಳನ್ನು ಇವುಗಳಿಗೆ ಹಂಚಬೇಕು. ಕೆಲಸ ಅನುಮಾನದ್ದಾದರೆ ಆರು ಮುಖದ ಎರಡು ದಾಳ ಎಸೆದು, ಆ ಕೆಲಸಕ್ಕೆ ತಕ್ಕ ಗುಣದ ಅಂಕ ಸೇರಿಸಿ. 10 ಅಥವಾ ಹೆಚ್ಚು ಬಂದರೆ ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಭಾಗವತರು ಕಷ್ಟ ತಂದೊಡ್ಡುತ್ತಾರೆ.

ಎರಡು ದಾಳ 36 ಬಗೆಯಲ್ಲಿ ಬೀಳಬಹುದು. ಅಂಕ 0 ಇದ್ದರೆ ಅದರಲ್ಲಿ ಸೋಲು 15, ಬೆಲೆಯ ಗೆಲುವು 15, ಪೂರ್ಣ ಗೆಲುವು 6. +1ಕ್ಕೆ 10, 16, 10. +2ಕ್ಕೆ 6, 15, 15. −1 ಆದರೆ 21, 12, 3. ಸರಣಿ ಮುಂದುವರಿದಂತೆ +3 ಕೊಡಿ ಎಂದು ಆಟಗಾರರು ಬೇಡುತ್ತಾರೆ. ಕೊಡಬೇಡಿ. +3ರಲ್ಲಿ 36ರಲ್ಲಿ ಮೂರೇ ಸಲ ಸೋಲು, 21 ಸಲ ಪೂರ್ಣ ಗೆಲುವು. ಕಥೆಗೆ ಉರುವಲು ಸಿಗುವ ನಡುವಿನ ಮಟ್ಟ 12ಕ್ಕೆ ಕುಗ್ಗುತ್ತದೆ.

ಇದರ ಮೇಲೆ ಎರಡು ಗಡಿಯಾರ. ಗಡಿಯಾರ ಎಂದರೆ ಒಂದೊಂದಾಗಿ ತುಂಬಿಸುತ್ತ ಹೋಗುವ ಚೌಕಗಳ ಸಾಲು, ಒಂದೊಂದು ಚೌಕ ಒಂದು ಮನೆ. ಪ್ರತಿ ಪಾತ್ರಕ್ಕೂ ಆರು ಮನೆಯ ಒಂದು ಮನೆಗಡಿಯಾರ: ತಡವಾದರೆ, ಸುಳ್ಳು ಸಿಕ್ಕಿಬಿದ್ದರೆ, ಕರೆ ಎತ್ತದಿದ್ದರೆ ಒಂದು ಮನೆ ತುಂಬುತ್ತದೆ. ಆರೂ ತುಂಬಿದರೆ ಮನೆಯವರು ಏನಾದರೂ ಮಾಡಿಯೇ ಮಾಡುತ್ತಾರೆ. ಫೋನ್ ಹೋಗುತ್ತದೆ, ಊರಿಗೆ ಕಳಿಸುವ ಮಾತು ಬರುತ್ತದೆ. ಪ್ರತಿ ಕಂತಿಗೆ ನಾಲ್ಕು ಮನೆಯ ಒಂದು ಅಪಾಯದ ಗಡಿಯಾರ: ದೃಶ್ಯವೊಂದು ಅಪಾಯವನ್ನು ಎದುರಿಸದೆ ಮುಗಿದರೆ ಒಂದು ಮನೆ ತುಂಬುತ್ತದೆ, ನಾಲ್ಕೂ ತುಂಬಿದರೆ ಅಪಾಯ ಬಂದೇಬಿಡುತ್ತದೆ. 125 ನಿಮಿಷದಲ್ಲಿ ಆರೇಳು ದೃಶ್ಯವಾಗುತ್ತದೆ. ಮೂರು ದೃಶ್ಯ ಮನೆಯವರಿಗೆ ಕೊಟ್ಟರೆ ಅಪಾಯ ಇನ್ನೊಂದೇ ಮನೆ ದೂರ, ಎಲ್ಲವನ್ನೂ ಅಪಾಯಕ್ಕೆ ಕೊಟ್ಟರೆ ನಾಲ್ಕೂ ಮನೆಗಡಿಯಾರ ಓಡುತ್ತವೆ. ಅಪಾಯಕ್ಕೂ ಆರು ಮನೆ ಇಟ್ಟರೆ ಅದು ತುಂಬುವುದೇ ಇಲ್ಲ, ಆಟಗಾರರು ನಿಶ್ಚಿಂತೆಯಿಂದ ವಡಾಪಾವ್ ತಿನ್ನುತ್ತ ಕೂರುತ್ತಾರೆ.

ಹಂತ 6: ಸುತ್ತಲಿನ ಜನ

ಇಲ್ಲಿ ಹೆಚ್ಚು ಹೊತ್ತು ಕೊಡಿ. ಪ್ರತಿ ನಾಯಕನಿಗೆ ಮೂವರು ಬೇಕು: ಮನೆಯವರೊಬ್ಬರು, ಸಮವಯಸ್ಕರೊಬ್ಬರು, ಮೇಲಿನವರೊಬ್ಬರು. ನಾಲ್ಕು ಮೂರಲಿ ಹನ್ನೆರಡು. ಒಂದೇ ಗಂಟಲಿನಿಂದ ಹನ್ನೆರಡು ದನಿ ಹೊರಡಿಸಲು ಆಗದು, ಆಟಗಾರರಿಗೂ ಹೆಸರು ನೆನಪಿರದು. ಕೆಲವರನ್ನು ಇಬ್ಬಿಬ್ಬರಿಗೆ ಹಂಚಿ ಎಂಟಕ್ಕೆ ಇಳಿಸಿ. ರಶ್ಮಿಯ ಅಪ್ಪ ಗಲ್ಲೆಯಲ್ಲಿ ಕೂರುವ ಹೋಟೆಲಿನಲ್ಲೇ ಬಸವರಾಜ ಸಂಜೆ ಪಾರ್ಸೆಲ್ ಕಟ್ಟುತ್ತಾನೆ ಎಂದರೆ ಒಬ್ಬ ಮನುಷ್ಯ ಒಬ್ಬಳಿಗೆ ಅಪ್ಪ, ಇನ್ನೊಬ್ಬನಿಗೆ ಸೇಠ್. ಒಬ್ಬರ ಸುಳ್ಳು ಇನ್ನೊಬ್ಬರ ಕೆಲಸ ಕಳೆಯುತ್ತದೆ.

ಎಂಟೂ ಜನರಿಗೆ ಒಂದೊಂದು ಆಸೆ ಬರೆಯಿರಿ, ಗುಣವಿಶೇಷಣ ಬೇಡ. ‘ಕಟ್ಟುನಿಟ್ಟಿನ ತಾಯಿ’ ಎಂದು ಬರೆದರೆ ಆಡಿಸಲು ಏನೂ ಸಿಗುವುದಿಲ್ಲ. ‘ಮಗಳು ಸಿಎ ಮಾಡಿ ಈ ಹೋಟೆಲಿನ ಹೊಗೆಯಿಂದ ಹೊರಗೆ ಹೋಗಬೇಕು’ ಎಂದು ಬರೆದರೆ ಪ್ರತಿ ಮಾತಿಗೂ ದಿಕ್ಕು ಸಿಗುತ್ತದೆ. ದನಿ ಬದಲಿಸಲು ಮಿಮಿಕ್ರಿ ಬೇಡ, ಮಾತಿನ ಊರು ಬದಲಿಸಿದರೆ ಸಾಕು. ರಶ್ಮಿಯ ಅಮ್ಮ: ‘ಎಂತ ಮಾರಾಯ್ತಿ, ಹೊತ್ತು ಎಷ್ಟಾಯ್ತು ಗೊತ್ತುಂಟಾ? ಫೋನ್ ಎತ್ಲಿಕ್ಕೆ ಎಂತ ದಾಡಿ?’ ಬಸವರಾಜನ ಅವ್ವ: ‘ಎಲ್ಲಿ ಹೋಗಿದ್ದ್ಯೋ ತಮ್ಮಾ? ರೊಟ್ಟಿ ಆರಿ ಹೋಗ್ಯಾವ.’ ಕೇಳಿದವರಿಗೆ ಯಾರು ಮಾತಾಡಿದರೆಂದು ಹೇಳಬೇಕಿಲ್ಲ.

ಖಳ? ಹದಿಹರೆಯದವರಿಗೆ ಒಳ್ಳೆಯ ಎದುರಾಳಿ ಎಂದರೆ ಅವರ ಒಳ್ಳೆಯದನ್ನೇ ಬಯಸುವ ದೊಡ್ಡವರು. ಒಂದು ಮಾದರಿ: 1960ರ ದಶಕದಲ್ಲಿ ಕರಾವಳಿಯಿಂದ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು, ಎಲ್ಲರಿಗೂ ‘ಅಣ್ಣಪ್ಪ ಮಾಮ’. ನೀರನ್ನು ತಡೆಯುವ ಶಕ್ತಿ ಅವರದು, ಪ್ರತಿ ಮಳೆಗಾಲವೂ ಕಿಂಗ್ಸ್ ಸರ್ಕಲ್‌ನ ನೀರು ಇನ್ನೂ ಏರದಂತೆ ಗುಟ್ಟಾಗಿ ಹಿಡಿದಿಟ್ಟವರು. ಈಗ ಕೈ ಸೋತಿದೆ. ಓದು ಬಿಟ್ಟು ಈ ಕೆಲಸ ಹಿಡಿಯಿರಿ ಎಂದು ಮಕ್ಕಳ ಬೆನ್ನು ಬಿದ್ದಿದ್ದಾರೆ. ಮಕ್ಕಳು ಒಪ್ಪಲೆಂದು ಒಂದು ಭರತದ ದಿನ ಬೇಕೆಂದೇ ಕೈ ಬಿಡುತ್ತಾರೆ. ಇವರನ್ನು ಹೊಡೆದು ಗೆಲ್ಲುವಂತಿಲ್ಲ. ಅವರ ಮುಂದೆ ಮಕ್ಕಳು ‘ನೀವು’ ಎನ್ನುತ್ತಾರೆ, ಜಗಳದ ನಡುವೆಯೂ. ‘ನೀನು’ ಎಂದ ಕ್ಷಣಕ್ಕೆ ಬೆಲೆ ಬರುವುದು ಆಗಲೇ.

ಹಂತ 7: ಆಡದ ಮೊದಲ ಕೂಟ

ಸೆಷನ್ ಝೀರೋ ಎಂದು ಆಟಗಾರರು ಕರೆಯುವ ಈ ಕೂಟಕ್ಕೆ ಒಂದೂವರೆ ಗಂಟೆ. ಮೊದಲ ಅರ್ಧ ಗಂಟೆಯಲ್ಲಿ ಯಾವುದು ಕಥೆಯಲ್ಲಿ ಬರಲೇಬಾರದು, ಯಾವುದು ಬಂದರೂ ತೆರೆಮರೆಯಲ್ಲಿ ನಡೆಯಬೇಕು ಎಂಬ ಎರಡು ಪಟ್ಟಿ ಮಾಡಿ. ಕಾರಣ ಕೇಳಬೇಡಿ, ಹೆಸರಿಲ್ಲದ ಫಾರ್ಮ್‌ನಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಪರೀಕ್ಷೆಯ ಸೋಲು, ಆತ್ಮಹತ್ಯೆ, ಜಾತಿಯ ಅವಮಾನ, ಕೋಮುಗಲಭೆಗಳನ್ನು ಭಾಗವತರೇ ಹೆಸರೆತ್ತಿ ಕೇಳಬೇಕು. 1993ರ ಸ್ಫೋಟ, 2005ರ ಜುಲೈ 26ರ ಪ್ರಳಯ, 2006ರ ರೈಲು ಸ್ಫೋಟ, 2008ರ ದಾಳಿ: ಈ ಊರಿನಲ್ಲಿ ಇವು ಯಾರದೋ ಮನೆಯ ಕಥೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ದಿನವನ್ನು ಅಣ್ಣಪ್ಪ ಮಾಮನ ಸೋಲೆಂದು ಬಳಸುವ ಆಸೆ ಬರುತ್ತದೆ. ಎಲ್ಲರೂ ಹೂಂ ಎಂದರೆ ಮಾತ್ರ.

ಆಟದ ನಡುವೆ ಯಾರಾದರೂ ಚಾಟ್‌ನಲ್ಲಿ ‘ನಿಲ್ಲಿ’ ಎಂದು ಟೈಪಿಸಿದರೆ ಆ ದೃಶ್ಯ ಅಲ್ಲಿಗೆ ಬಿಟ್ಟು ಮುಂದಿನದಕ್ಕೆ ಹೋಗಬೇಕು, ವಿಚಾರಣೆಯಿಲ್ಲ.

ಆಡುವವರೇ ಹದಿನೆಂಟರ ಕೆಳಗಿನವರಾದರೆ ಬೇರೆ ಎಚ್ಚರ ಬೇಕು. ಡಿಸ್ಕಾರ್ಡ್‌ಗೆ ಕನಿಷ್ಠ 13 ವರ್ಷ. ತಂದೆತಾಯಿಗೆ ಮೊದಲೇ ತಿಳಿಸಿ, ದನಿ ಚಾನೆಲ್‌ಗೆ ಅವರು ಯಾವಾಗ ಬೇಕಾದರೂ ಬರಬಹುದು ಎನ್ನಿ. ಭಾಗವತರು ದೊಡ್ಡವರಾಗಿದ್ದರೆ ಮಕ್ಕಳಿಗೆ ಖಾಸಗಿ ಸಂದೇಶ ಕಳಿಸಬಾರದು, ಎಲ್ಲವೂ ಚಾನೆಲ್‌ನಲ್ಲೇ. ನಿಜವಾದ ಶಾಲೆ, ಮನೆಯ ವಿಳಾಸ ಸರ್ವರ್‌ನಲ್ಲಿ ಎಲ್ಲೂ ಬೇಡ. ದೊಡ್ಡವರೇ ಆಡುವ ಗುಂಪಾದರೂ ಪಾತ್ರಗಳು ಅಪ್ರಾಪ್ತರು. ಪ್ರೀತಿ ಎಂದರೆ ಕಣ್ಣಿನಲ್ಲಿ, ಚೀಟಿಯಲ್ಲಿ ಮುಗಿಯಬೇಕು. ಇದು ಚರ್ಚೆಗೆ ಇಡುವ ನಿಯಮವಲ್ಲ.

ಹಂತ 8: ಮೊದಲ ಕಂತು, ನಿಮಿಷದ ಲೆಕ್ಕದಲ್ಲಿ

0–15: ಮೈಕ್, ಕುಶಲ, ಯಾರು ಯಾರೆಂಬ ಒಂದೊಂದು ವಾಕ್ಯ.

15–45: ನಾಲ್ಕು ಚಿಕ್ಕ ದೃಶ್ಯ, ತಲಾ ಏಳೆಂಟು ನಿಮಿಷ. ಜುಲೈ, ಸಂಜೆ ಐದು, ಮಳೆ. ಪ್ರತಿಯೊಬ್ಬರೂ ಒಂದು ಮಾತು ಕೊಡುತ್ತಾರೆ. ರಶ್ಮಿ ಏಳಕ್ಕೆ ಗಲ್ಲೆಯಲ್ಲಿ ಅಪ್ಪನ ಬದಲು ಕೂರಬೇಕು. ಬಸವರಾಜ ತಂಗಿಯನ್ನು ಟ್ಯೂಷನ್‌ನಿಂದ ಕರೆತರಬೇಕು. ಶ್ರುತಿ ಗಾಡಿ ನಿಲ್ಲುವ ಮೊದಲು ಡೊಂಬಿವಲಿಗೆ ಹೊರಡಬೇಕು, ಪ್ರಜ್ವಲ್‌ಗೆ ಯಕ್ಷಗಾನದ ಅಭ್ಯಾಸ. ಈ ಪೀಠಿಕೆಯನ್ನು ಅಪಾಯದ ಗಡಿಯಾರಕ್ಕೆ ಲೆಕ್ಕ ಹಿಡಿಯಬೇಡಿ.

45–75: ಗಾಂಧಿ ಮಾರ್ಕೆಟ್‌ನಲ್ಲಿ ನೀರು ಮೊಣಕಾಲಿಗೆ. ಬೆಸ್ಟ್ ಸಂಸ್ಥೆಯ ಸಿಟಿ ಬಸ್ಸೊಂದು ನಿಂತಿದೆ, ಒಳಗೆ ಜನ. ನೀರು ಹರಿಯಬೇಕಾದ ದಿಕ್ಕು ಬಿಟ್ಟು ಮೇಲಕ್ಕೆ ಹರಿಯುತ್ತಿದೆ. ಮೊದಲ ದಾಳಗಳು ಇಲ್ಲಿ. ಯಾರ ಶಕ್ತಿಯೂ ಒಂಟಿಯಾಗಿ ಸಾಲದಂತೆ ಇಡಿ. ನಾಲ್ವರೂ ಒಬ್ಬರನ್ನೊಬ್ಬರು ನೋಡಿಬಿಡಬೇಕು. ಪರಿಚಯಕ್ಕೆಂದು ಮೂರು ಕಂತು ಕಾಯಿಸಿದರೆ ಅಷ್ಟರಲ್ಲಿ ಇಬ್ಬರು ಆಟ ಬಿಟ್ಟಿರುತ್ತಾರೆ.

75–85: ಬಿಡುವು. ಹೋಗುವ ಮೊದಲು ಒಬ್ಬರ ಫೋನ್ ರಿಂಗಾಗಲಿ: ‘ಅಮ್ಮ’. ಬಂದ ಮೇಲೆ ಎತ್ತುವುದೋ ಬಿಡುವುದೋ ಹೇಳಲಿ.

85–130: ನೀರಿನ ಜಾಡು ಹಿಡಿದು ಹೋದರೆ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಕೊಡೆಯಿಲ್ಲದೆ ನಿಂತ ಅಣ್ಣಪ್ಪ ಮಾಮ. ಅವರಿಗೆ ನಾಲ್ವರ ಹೆಸರೂ ಗೊತ್ತು.

130–150: ಮನೆಗೆ ಮರಳುವ ದೃಶ್ಯ, ಒಬ್ಬೊಬ್ಬರದೂ ನಾಲ್ಕೈದು ನಿಮಿಷ. ಇದನ್ನು ಕತ್ತರಿಸಬೇಡಿ. ಮೈಯೆಲ್ಲ ಒದ್ದೆಯಾಗಿ ಬಾಗಿಲು ತಟ್ಟುವಾಗ ಹೇಳುವ ಸುಳ್ಳೇ ಮುಂದಿನ ಕಂತಿನ ಬೀಜ. ಮನೆಗಡಿಯಾರ ತುಂಬುವುದನ್ನು ಎಲ್ಲರೆದುರು ಶೀಟ್‌ನಲ್ಲಿ ಮಾಡಿ.

ಕೆಡುವುದು ಎಲ್ಲಿ

ಎಲ್ಲರೂ ಮೌನವಾದರೆ ‘ಈಗ ಏನು ಮಾಡುತ್ತೀರಿ?’ ಎಂದು ಗುಂಪಿಗೆ ಕೇಳಿದ್ದೀರಿ ಎಂದರ್ಥ. ಹೆಸರು ಹಿಡಿದು, ಎರಡು ದಾರಿ ತೋರಿಸಿ ಕೇಳಿ: ‘ರಶ್ಮಿ, ಬಸ್ಸಿನ ಕಡೆಗಾ, ಗಲ್ಲೆಯ ಕಡೆಗಾ?’ ಒಬ್ಬರೇ ಮಾತಾಡುತ್ತಿದ್ದರೆ ಅವರ ದೃಶ್ಯವನ್ನು ಕುತೂಹಲದ ತುದಿಯಲ್ಲಿ ನಿಲ್ಲಿಸಿ ಬೇರೆಯವರಿಗೆ ಹೋಗಿ; ಅವರಿಗೂ ಬೇಸರವಾಗದು.

ತಂಡ ಎರಡಾಗಿ ಒಡೆಯುವುದು ಈ ಆಟದಲ್ಲಿ ಸಹಜ, ತಡೆಯಬೇಡಿ, ಆದರೆ ಒಂದು ಕಡೆ ಏಳು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಗುಟ್ಟು ಬೇಗ ಬಯಲಾದರೆ ಗಾಬರಿ ಬೇಡ. ಅಪ್ಪನಿಗೆ ಗೊತ್ತಾಗಿಯೂ ಗೊತ್ತಿಲ್ಲದವರಂತೆ ಇದ್ದಾರೆ ಎಂದು ಬರೆದುಕೊಳ್ಳಿ, ಇನ್ನೂ ಎರಡು ಕಂತಿಗೆ ಅದು ಸಾಕು. ಬಾರದವರ ಪಾತ್ರವನ್ನು ಬೇರೆಯವರು ಆಡಬಾರದು. ಅವರು ಆ ವಾರ ಮನೆಯಲ್ಲಿ ಸಿಕ್ಕಿಕೊಂಡಿದ್ದಾರೆ, ಮನೆಗಡಿಯಾರದ ಒಂದು ಮನೆ ಖಾಲಿಯಾಗುತ್ತದೆ.

ಪ್ರತಿ ಕಂತಿನ ಮರುದಿನ ದಾಖಲೆ ಚಾನೆಲ್‌ನಲ್ಲಿ ಇನ್ನೂರು ಪದದೊಳಗೆ ಕಥಾಸಾರ. ಸರದಿಯ ಮೇಲೆ ಆಟಗಾರರೇ ಬರೆಯಲಿ. ಮುಂದಿನ ಕಂತಿಗೆ ಭಾಗವತರು ಒಂದು ಗಂಟೆಗಿಂತ ಹೆಚ್ಚು ತಯಾರಿ ಮಾಡಬೇಕಿಲ್ಲ: ಮುರಿದ ಮಾತುಗಳ ಪಟ್ಟಿ, ಅಪಾಯದ ನಾಲ್ಕು ಮನೆ, ಬರಬಹುದಾದ ಮೂವರ ಆಸೆ. ಸಂಭಾಷಣೆ ಬರೆದಿಟ್ಟುಕೊಂಡರೆ ಅದನ್ನು ಓದುವ ಚಪಲ ಹತ್ತಿ ಆಟಗಾರರ ಮಾತು ಕೇಳಿಸುವುದಿಲ್ಲ.

ಆರನೆಯ ಕಂತಿನ ಹೊತ್ತಿಗೆ ಕೊನೆಯ ತಾರೀಕನ್ನು ಎಲ್ಲರಿಗೂ ಹೇಳಿಬಿಡಿ. ಎಂಟನೆಯದರಲ್ಲಿ ಅಣ್ಣಪ್ಪ ಮಾಮನ ಕೆಲಸ ಯಾರು ಹಿಡಿಯುತ್ತಾರೆ, ಯಾರೂ ಹಿಡಿಯದಿದ್ದರೆ ನೀರು ಏನಾಗುತ್ತದೆ ಎಂಬುದು ತೀರ್ಮಾನವಾಗಬೇಕು. ಮುಂದೆಯೂ ಆಡುವ ಮನಸ್ಸಿದ್ದರೆ ಭಾಗವತಿಕೆಯನ್ನು ಇನ್ನೊಬ್ಬರಿಗೆ ಕೊಡಿ. ಹಳೆಯ ಶೀಟ್‌ನ ಪ್ರತಿ ತೆಗೆದು, ಮನೆಗಡಿಯಾರಗಳನ್ನು ಖಾಲಿ ಮಾಡಿ, ಎಲ್ಲರನ್ನೂ ಹನ್ನೆರಡನೆಯ ತರಗತಿಗೆ ಏರಿಸಿ. ಫೆಬ್ರವರಿಯ ಬೋರ್ಡ್ ಪರೀಕ್ಷೆ ಇರುವುದರಿಂದ ಹೊಸ ಖಳನನ್ನು ಹುಡುಕುವ ಅವಸರವಿಲ್ಲ.